ಊಟಕ್ಕೆ ಮುಂಚೆ ಒಂದು ಮಾತು

ದಾವಣಗೆರೆ
ವಾದ ಶಕೆ ಇನ್ನೂರ ತೊಂಬತ್ತು, ಎಂಟನೆಯ ವಾರ, ಊಟದ ಮುಂಚಿನ ಹೊತ್ತು

ಅರ್ಥಶಾಸ್ತ್ರಜ್ಞರಾದ ವತ್ಸಲಾ ಹೊಳ್ಳ ಅವರಿಗೆ, ಇಲಿಯಾಸ್ ಬಳಿಗಾರ್ ಅವರಿಗೆ, ಮತ್ತು ಸಭೆಯ ಅಧ್ಯಕ್ಷರಿಗೆ ಬೀಗದ ಮನೆಯ ಕರಿಬಸಮ್ಮನ ನಮಸ್ಕಾರ.

ಈ ತೇದಿ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿಮ್ಮ ಸಭೆ ಶುರುವಾದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಭಾನುವಾರ ಕಳೆದ ಮೇಲೆ ನಮಗೆ ಎಂಟನೆಯ ವಾರವೆಂಬ ಇನ್ನೊಂದು ದಿನವಿದೆ. ಅಂದು ಊರಿನವರು ಕೆಲಸ ಬಿಟ್ಟು ನಿಮ್ಮ ಮಾತನ್ನು ಕೇಳುತ್ತಾರೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಿ, ಅರ್ಥ ಹೇಳುತ್ತ ಹೋಗುತ್ತೇನೆ. ಅಕ್ಷರ ಸೊಟ್ಟಗಿವೆ. ನಾನು ಹೈಸ್ಕೂಲು ಮುಗಿಸಿದವಳು, ನನ್ನ ಅಕ್ಷರವನ್ನು ಮೇಷ್ಟರು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಸೊಟ್ಟಗಿರುವುದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಸಭೆ ನಿಮಗೆ ನೆನಪಿರಬಹುದು, ಅಥವಾ ಇವತ್ತೇ ನಡೆಯುತ್ತಿರಬಹುದು. ಹಕ್ಕಿಲ್ಲದ ಕೆಲಸಗಾರರು ಹೊಲಿದ ಬಟ್ಟೆಯನ್ನು ದೇಶದೊಳಗೆ ಬಿಡಬೇಕೆ, ಗಡಿಯಲ್ಲಿ ತಡೆಯಬೇಕೆ ಎಂಬುದು ಅಲ್ಲಿನ ಪ್ರಶ್ನೆ. ನೀವಿಬ್ಬರೂ ಎಡಪಕ್ಷದವರು, ಕೆಲಸಗಾರರ ಒಳಿತನ್ನೇ ಬಯಸಿದವರು. ಬಹಳ ಕಾಲದ ಮೇಲೆ, ಸಂತೆಗಳೆಲ್ಲ ಮುರಿದು ಮತ್ತೆ ಕೂಡಿದಾಗ, ನಮ್ಮ ಹಿರಿಯರಿಗೂ ಅದೇ ಪ್ರಶ್ನೆ ಎದುರಾಯಿತು. ಊರಿನ ಪೂರ್ವಕ್ಕೆ ಒಂದು ಗೋಡೆ, ಅದರಾಚೆ ನೂಲುಹಟ್ಟಿ. ನಾವು ಉಡುವುದನ್ನೆಲ್ಲ ಅಲ್ಲಿ ಹೊಲಿಯುತ್ತಾರೆ. ಆ ಬಟ್ಟೆಯನ್ನು ಕೊಳ್ಳುವುದು ಸರಿಯೆ ತಪ್ಪೆ ಎಂದು ತೀರ್ಮಾನಿಸುವ ಧೈರ್ಯ ಹಿರಿಯರಿಗೆ ಬರಲಿಲ್ಲ. ಲಾಭದ ಆಸೆ ಇಲ್ಲದವರೇ ಹೇಳಲಿ ಎಂದು ನಿಮ್ಮ ಇಡೀ ಸಭೆಯ ದನಿಗಳನ್ನು ಎಬ್ಬಿಸಿದರು. ನುಡಿಬಿಂಬ ಎನ್ನುತ್ತೇವೆ. ಸತ್ತವರು ಬದುಕಿದ್ದಾಗ ಆಡಿದ ಮಾತುಗಳನ್ನೆಲ್ಲ ಯಂತ್ರಕ್ಕೆ ಉಣಿಸಿದರೆ ಅವರು ಮುಂದೆಯೂ ಮಾತಾಡುತ್ತಾರೆ. ಹಳೆಯ ಹತ್ತಿಗಿರಣಿಯೊಂದನ್ನು ವಾದಮನೆ ಮಾಡಿ ನಿಮ್ಮನ್ನು ಅಲ್ಲಿ ಕೂರಿಸಿದರು. ನೀವಿಬ್ಬರೂ ಒಂದು ಮಾತಿಗೆ ಬಂದ ದಿನ ಗೋಡೆಯ ಬಾಗಿಲು ತೆರೆಯುತ್ತದೆ ಎಂದು ಕಟ್ಟಳೆ ಮಾಡಿದರು. ಅಲ್ಲಿಯವರೆಗೆ ಬಟ್ಟೆ ಬರಲಿ, ಜನ ಬರುವುದು ಬೇಡ, ಇದು ತಾತ್ಕಾಲಿಕ ಏರ್ಪಾಡು ಎಂದರು. ಆ ತಾತ್ಕಾಲಿಕದಲ್ಲೇ ನಾನು ಹುಟ್ಟಿದೆ, ನನ್ನ ಅಜ್ಜಿಯ ಅಜ್ಜಿಯೂ ಹುಟ್ಟಿದಳು.

ಬದುಕಿರುವವರ ವಾದ ಹಸಿವಾದಾಗ ನಿಲ್ಲುತ್ತದೆ. ನಿಮಗೀಗ ಹಸಿವಿಲ್ಲ. ವಾದಮನೆಯ ಬೀಗ ಕಾಯ್ದು, ಗುಡಿಸಿ, ದಿನಕ್ಕೊಮ್ಮೆ ನಿಮ್ಮ ಮುಂದೆ ಎಡೆ ಇಡುವುದು ನಮ್ಮ ಮನೆತನದ ಕೆಲಸ. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಹಿಡಿ ಶೇಂಗಾ ಚಟ್ನಿ. ನಿಮ್ಮ ಮಾತುಗಳು ನನಗೆ ಬಾಯಿಪಾಠ.

“ಹಕ್ಕು ಕೊಡದೆ ಹೊಲಿಸಿದ ಅಂಗಿ ಕದ್ದ ಅಂಗಿ. ಗಡಿಯಲ್ಲೇ ನಿಲ್ಲಿಸಿ ಅಂತೀನಿ ನಾನು,” ಎಂದು ಇಲಿಯಾಸರ ದನಿ.

“ನಿಲ್ಲಿಸಿದ ದಿನ ಬೀದಿಗೆ ಬೀಳೋದು ಮಾಲೀಕ ಅಲ್ಲ ಮಾರಾಯ್ರೆ, ಹೊಲಿಯೋ ಹೆಂಗಸು. ನಿಮ್ಮ ಗಡಿ ಅಂಗಿ ಜೊತೆ ಅವಳನ್ನೂ ನಿಲ್ಲಿಸ್ತದೆ.”

“ಮುಕ್ತ ಮಾರುಕಟ್ಟೆಯವರೂ ಇದನ್ನೇ ಹೇಳೋದು ಮೇಡಂ. ಅವರ ಮನೆಗೆ ಊಟಕ್ಕೆ ಹೋಗಿದ್ರೇನು?”

“ಹೋಗಿದ್ದೆ. ಉಪ್ಪಿನಕಾಯಿ ಮಾತ್ರ ಲಾಯ್ಕಿತ್ತು.”

ಆಮೇಲೆ, ದಿನವೂ ಇದೇ ಹೊತ್ತಿಗೆ, ಸಭೆ ನಗುತ್ತದೆ. ಸತ್ತವರ ನಗು ಗೋಡೆಯಿಂದ ಗೋಡೆಗೆ ಹೋಗಿ ಬರುತ್ತದೆ. ನಗು ನಿಂತ ಕೂಡಲೇ ಒಂದು ಮೌನ, ಒಂದು ಉಸಿರು ಎಳೆದುಕೊಳ್ಳುವಷ್ಟು. ಬಳಿಕ ಅಧ್ಯಕ್ಷರ ದನಿ: “ಹಿಂದೆ ಕೈ ಎತ್ತಿರೋ ಅಮ್ಮ, ನೀವು ಊಟದ ನಂತರ ಮಾತಾಡಿ.” ಊಟದ ನಂತರ ಯಾರೂ ಅವಳನ್ನು ಕರೆಯುವುದಿಲ್ಲ. ನೀವಿಬ್ಬರೂ ಬಿಟ್ಟಲ್ಲಿಂದ ಶುರು ಮಾಡುತ್ತೀರಿ. ಅವಳು ಯಾರೆಂದು ನಮಗೆ ಗೊತ್ತಿಲ್ಲ. ಹೊಲಿಗೆ ಕೆಲಸದವಳೆಂದು ನಮ್ಮ ಹಿರಿಯರು ಊಹಿಸಿದರು. ಅವಳು ದೊಡ್ಡ ಮಾತನ್ನೇ ಆಡುತ್ತಿದ್ದಳೆಂದು ನಾನೂ ಹೇಳಲಾರೆ. ಫ್ಯಾನು ಹಾಕಿ ಎನ್ನಲು ಕೈ ಎತ್ತಿದ್ದಳೋ ಏನೋ.

ಆದರೆ ಅಧ್ಯಕ್ಷರೇ, ನಿಮ್ಮ ಆ ಮಾತು ನಮ್ಮೂರಿನ ಪದ್ಧತಿಯಾಗಿದೆ. ಇಲ್ಲ ಎನ್ನುವುದು ಇಲ್ಲಿ ಅಸಭ್ಯ. ಊಟದ ನಂತರ ಎನ್ನಬೇಕು. ಕೂಲಿ ಹೆಚ್ಚು ಕೇಳಿದವನಿಗೆ, ಹೆಣ್ಣು ಕೇಳಲು ಬಂದವರಿಗೆ, ಗೋಡೆಯಾಚೆಯಿಂದ ಕೂಗಿದವರಿಗೆ, ಎಲ್ಲರಿಗೂ ಅದೇ ಉತ್ತರ. ಅದು ಮಕ್ಕಳಿಗೆ ಮಾತ್ರ ಅರ್ಥವಾಗುವುದಿಲ್ಲ. ನನ್ನ ಮೊಮ್ಮಗಳು ದಾಕ್ಷಿ ಐದು ವರ್ಷದವಳಿದ್ದಾಗ ಏನೋ ಹೇಳಲು ಬಂದಳು, ಊಟದ ನಂತರ ಎಂದೆ. ಉಂಡು ಕೈ ತೊಳೆದು ಬಂದು ನನ್ನ ಮುಂದೆ ನಿಂತಳು.

“ಅಜ್ಜೀ, ಊಟ ಆತು. ಈಗ ಹೇಳ್ಲಾ?”

“ಆ ಊಟ ಅಲ್ಲ ಕಣೇ.”

“ಮತ್ತ ಯಾವ ಊಟ?”

“ಅದನ್ನ ಇನ್ನೂ ಬಡಿಸಿಲ್ಲ. ಹೋಗು, ಆಡ್ಕೋ.”

“ಬಡಿಸೋರು ನೀನೇ ಅಲ್ಲೇನು?” ಎಂದು ಕೇಳಿ ಓಡಿದಳು. ಹುಡುಗಿಯ ಬಾಯಿ ಜೋರು. ನಮ್ಮ ಕಡೆಯದೇ.

ಪ್ರತಿ ಮನೆಯಿಂದ ಒಬ್ಬರು ಹೊಲಿಯಲು ನೂಲುಹಟ್ಟಿಗೆ ಹೋಗಬೇಕೆಂಬುದು ಇಲ್ಲಿನ ಕಾಯಿದೆ. ಹೋದವರು ವಾದ ಮುಗಿದ ದಿನ ಮರಳುತ್ತಾರೆ. ಬೀಗದ ಮನೆಗೆ ವಿನಾಯಿತಿ ಇತ್ತು. ಊರಿನ ಮನೆಮನೆಯಿಂದ ಮಕ್ಕಳು ಹೋಗುವಾಗ ನಮ್ಮ ಮನೆಯದು ಒಲೆಯ ಮುಂದೆ ಕೂರುವುದು ನನಗೆ ಸರಿಬರಲಿಲ್ಲ. ದಾಕ್ಷಿ ಬೆಳೆದು ದೊಡ್ಡವಳಾದಾಗ ಹಸಿರು ಬಳೆ ತೊಡಿಸಿ ನಾನೇ ಅವಳನ್ನು ಕಳಿಸಿದೆ. ಅದಕ್ಕಾಗಿ ಇಂದಿಗೂ ತಲೆ ತಗ್ಗಿಸುವುದಿಲ್ಲ. ಅವಳು ಮರಳುವುದನ್ನು ನಾನು ನೋಡಬೇಕು, ಅಷ್ಟೆ. ನನಗೆ ವಯಸ್ಸಾಗಿದೆ.

ಕಳೆದ ಹುಣ್ಣಿಮೆಯಂದು ವಾದಮನೆಯ ಮಾಳಿಗೆ ಗುಡಿಸಲು ಹತ್ತಿದೆ. ಗೋಡೆಯಾಚೆ, ಹಟ್ಟಿಯ ಮಾಳಿಗೆಗಳ ಮೇಲೆ ಜನ ನಿಂತಿದ್ದರು. ಎಲ್ಲರ ಮುಖ ಈ ಕಡೆಗೆ, ಎಲ್ಲರ ಬಲಗೈ ಮೇಲೆ. ಯಾರ ಬಾಯಲ್ಲೂ ಕೂಗಿಲ್ಲ, ಘೋಷಣೆಯಿಲ್ಲ. ನಿಮ್ಮ ದನಿ ಕೊಳವೆಗಳ ಮೂಲಕ ಅಲ್ಲಿಗೂ ಹೋಗುತ್ತದೆ. ಸಭೆಯಲ್ಲಿ ಕೈ ಎತ್ತುವುದೆಂದರೆ ಏನೆಂದು ಅವರು ನಿಮ್ಮಿಂದಲೇ ಕಲಿತವರು. ಅಂದಿನಿಂದ ಅವರು ಆ ಕೈಗಳನ್ನು ಇಳಿಸಿಲ್ಲ. ಮಲಗಿದವರ ಕೈಯೂ ಹಾಗೇ ನೆಟ್ಟಗೆ ನಿಂತಿರುತ್ತದೆಯಂತೆ. ಮುಂದಿನ ಸಾಲಿನ ಒಂದು ತೋಳಿನಲ್ಲಿ ಹಸಿರು ಬಳೆಗಳು ಮೊಣಕೈಗೆ ಜಾರಿವೆ. ಆ ತೋಳು ನಾನು ಕಳಿಸಿದಾಗ ಇದ್ದುದಕ್ಕಿಂತ ಬಡವಾಗಿದೆ. ಬಟ್ಟೆ ಬರುವುದೇನೂ ನಿಂತಿಲ್ಲ. ಹೊಲಿಗೆ ಮಾತ್ರ ಸೊಟ್ಟಗಾಗಿದೆ. ಎಡಗೈ ಹೊಲಿಗೆ. ಊರಿನವರು ಅದನ್ನೇ ಉಟ್ಟು ಓಡಾಡುತ್ತಾರೆ, ಸೊಟ್ಟಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಂದಿನಿಂದ ನಿಮ್ಮ ಸಭೆಯ ಆ ಮೌನವೂ ಬೆಳೆಯುತ್ತಿದೆ. ಒಂದು ಉಸಿರಿನಷ್ಟು ಇದ್ದದ್ದು ಈಗ ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತು ಹಿಡಿಯುತ್ತದೆ. ಮೊನ್ನೆ ಆ ಮೌನದೊಳಗೆ ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದು ಕೇಳಿತು. ಹಿಂದೆ ತಿರುಗಿ ನೋಡಿದೆ. ವಾದಮನೆಯಲ್ಲಿ ಹಿಂದಿನ ಸಾಲೇ ಇಲ್ಲ, ಕುರ್ಚಿಯೂ ಇಲ್ಲ, ಬರೀ ಗಾರೆಯ ನೆಲ. ಮತ್ತೆ ಎಡೆಯ ಕಡೆ ನೋಡಿದಾಗ ತಟ್ಟೆಯಲ್ಲಿ ಒಂದು ರೊಟ್ಟಿ ಇರಲಿಲ್ಲ. ಇಲಿಯ ಕೆಲಸವೆಂದುಕೊಂಡು ಮರುದಿನ ತಟ್ಟೆಯನ್ನೇ ನೋಡುತ್ತ ಕೂತೆ. ಇಲಿ ಬರಲಿಲ್ಲ. ಮೌನ ಬಂತು, ರೊಟ್ಟಿ ಹೋಯಿತು. ನಿಮ್ಮ ಸಭೆಯ ಊಟದ ಮೇಜಿನ ಮೇಲೆ ಯಾರೂ ತಾರದ ಜೋಳದ ರೊಟ್ಟಿಯೊಂದು ಕಂಡಿದ್ದರೆ, ಅದು ನಮ್ಮ ಮನೆಯದು. ಇಂದು ರೊಟ್ಟಿಯ ಕೆಳಗೆ ಈ ಕಾಗದವನ್ನು ಇಡುತ್ತಿದ್ದೇನೆ.

ವತ್ಸಲಮ್ಮ, ಇಲಿಯಾಸಪ್ಪ, ನಿಮ್ಮ ಜಗಳದಲ್ಲಿ ಯಾರು ಸರಿ ಎಂದು ನಾನು ಹೇಳುವುದಿಲ್ಲ. ಇಷ್ಟು ವರ್ಷ ಕೇಳಿದ್ದೇನೆ. ಬೆಳಿಗ್ಗೆ ಒಬ್ಬರು ಸರಿ ಎನಿಸುತ್ತದೆ, ಸಂಜೆ ಇನ್ನೊಬ್ಬರು. ನನ್ನ ಬೇಡಿಕೆ ಅಧ್ಯಕ್ಷರಲ್ಲಿ. ಹಿಂದೆ ಕೈ ಎತ್ತಿದ ಆ ಅಮ್ಮನನ್ನು ಊಟಕ್ಕೆ ಮುಂಚೆ ಮಾತಾಡಲು ಬಿಡಿ. ಅನ್ನ ಆರಿದರೆ ಆರಲಿ. ಅವಳು ಏನಾದರೂ ಹೇಳಲಿ, ಅದು ಸಭೆಯ ಮಾತಾಗಿ ಉಳಿಯಲಿ. ಆಗ ಇಲ್ಲಿ ಆ ಮೌನ ಇರುವುದಿಲ್ಲ. ಈ ಗೋಡೆಯೂ ಇರಲಿಕ್ಕಿಲ್ಲ. ಬೀಗದ ಮನೆ ಇಲ್ಲದೆ ಹೋಗಬಹುದು, ಕರಿಬಸಮ್ಮ ಎಂಬುವಳು ಹುಟ್ಟದೆಯೂ ಇರಬಹುದು. ಇರಲಿ. ದಾಕ್ಷಿ ಎಲ್ಲಾದರೂ ಯಾರ ಹೊಟ್ಟೆಯಲ್ಲಾದರೂ ಹುಟ್ಟಿಯಾಳು, ಜೋರು ಬಾಯಿಯ ಹುಡುಗಿ.

ಹೊತ್ತಾಯಿತು. ನಿಮ್ಮ ನಗು ಶುರುವಾಗಿದೆ, ಇನ್ನು ಮೌನ ಬರುತ್ತದೆ. ಅಕ್ಷರದ ಕಾರಣ ಹೇಳುವೆನೆಂದಿದ್ದೆ. ಇದನ್ನು ಎಡಗೈಯಲ್ಲಿ ಬರೆದಿದ್ದೇನೆ. ನನ್ನ ಬಲಗೈ ಬೆಳಗಿನಿಂದ ಮೇಲೆಯೇ ಇದೆ.