ಸಂಕಪ್ಪನಿಗೆ ಹಾರಿಸದ ಕೋವಿ

ಅರಂತೋಡು
13-2-1989, ಸೋಮವಾರ

ಪ್ರೀತಿಯ ತಮ್ಮ ಸಾಹುಲ್ ಹಮೀದನಿಗೆ ಅಣ್ಣ ಹಂಝನ ಸಲಾಂ.

ನಿನ್ನ ಬೆನ್ನುನೋವು ಈಗ ಹೇಗಿದೆ? ದುಬೈಯ ಮಾತ್ರೆ ಹಿಡಿಯದಿದ್ದರೆ ಹೇಳು, ಸುಳ್ಯದ ಪಂಡಿತರ ತೈಲವನ್ನು ಆ ಕಡೆ ಹೊರಡುವ ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಉಮ್ಮನ ಕಣ್ಣು ಸುಧಾರಿಸಿದೆ. ನಿನ್ನ ಹೊಸ ಫೋಟೋ ನೋಡಿ ‘ಇವ ಕಪ್ಪಾಗಿದ್ದಾನಲ್ಲ’ ಎನ್ನುವಷ್ಟು ಕಾಣುತ್ತದೆ. ನಿನ್ನ ಹೆಂಡತಿ ನಫೀಸಮ್ಮ, ಮಗಳು ಝುಬೈದಾ ಇಬ್ಬರೂ ಕ್ಷೇಮ. ಮದುವೆ ಹತ್ತಿರ ಬಂದ ಮೇಲೆ ಝುಬೈದಾ ಯಾರೊಡನೆಯೂ ಜಗಳವಾಡುತ್ತಿಲ್ಲ, ಮನೆ ಬಿಕೋ ಎನ್ನುತ್ತಿದೆ.

ಇನ್ನು ಸುದ್ದಿ. ನಮ್ಮ ಸಂಕಪ್ಪ ಕಳೆದ ಮಂಗಳವಾರ ತೀರಿಕೊಂಡ. ಎದೆಯ ಕಫ ಕೊನೆಗೂ ಬಿಡಲಿಲ್ಲ. ನಾನೀಗ ಬರೆಯುವ ಕಥೆಯನ್ನು ನನಗೆ ಮೊದಲು ಹೇಳಿದವ ಆ ಸಂಕಪ್ಪನೇ. ನೀನು ಮೊದಲ ಸಲ ದುಬೈಗೆ ಹೋದ ವರ್ಷ, ಮಳೆ ಸುರಿಯುವ ಆಟಿ ತಿಂಗಳಲ್ಲಿ, ನಮ್ಮ ಅಂಗಡಿಯ ಒಳಬೆಂಚಿನಲ್ಲಿ ಕುಳಿತು ಹೇಳಿದ್ದ. ಅದರ ಮೊದಲರ್ಧ ನಿನಗೂ ಗೊತ್ತು. ಎಪ್ಪತ್ತೊಂದರ ಯುದ್ಧ ಮುಗಿದು ಅವನು ಮಿಲಿಟರಿ ಬಿಟ್ಟು ಊರಿಗೆ ಬಂದ ದಿನ ಹಾರ ಹಿಡಿದು ಬಸ್ಸು ಕಾದವರಲ್ಲಿ ನೀನೂ ಇದ್ದೆ. ಅವನ ಅಣ್ಣ ತ್ಯಾಂಪಣ್ಣ ಮನೆಯ ಕೋವಿಯನ್ನೇ ತಂದಿದ್ದರು. ತಮ್ಮ ಬಸ್ಸಿನಿಂದ ಇಳಿದು ಕೊರಳಿಗೆ ಹಾರ ಬೀಳುವ ಹೊತ್ತಿಗೆ ಸರಿಯಾಗಿ ಆಕಾಶಕ್ಕೆ ಒಂದು ಈಡು ಹಾರಿಸಿದರು. ಅದರ ಹಿಂದೆಯೇ ಗರ್ನಾಲು ಪಟಾಕಿಗಳು ಸಿಡಿದವು. ಸಂಕಪ್ಪ ಹಾರ ಸಮೇತ ರಸ್ತೆಯ ಮೇಲೆ ಬೋರಲು ಬಿದ್ದು ಎರಡು ಕೈಯಲ್ಲಿ ತಲೆ ಮುಚ್ಚಿಕೊಂಡ. ಆಮೇಲೆ ಯಾರೋ ‘ಪಾಕಿಸ್ತಾನದವರಿಗೆ ಹೆದರದವ ಅಣ್ಣನ ಕೋವಿಗೆ ಹೆದರಿದ ಮಾರಾಯ್ರೆ!’ ಎಂದರು. ಬಸ್ಸಿನೊಳಗೆ ಇದ್ದವರೂ ನಕ್ಕರು. ‘ಗರ್ನಾಲ್ ಸಂಕಪ್ಪ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ.

ಊರಿನವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಮೊದಲ ವರ್ಷ ಶಾಲೆಯಲ್ಲಿ ಬಾವುಟ ಏರಿಸುವಾಗ ಅವನಿಗೆ ಮುಂದಿನ ಸಾಲಿನ ಕುರ್ಚಿ ಕೊಟ್ಟರು. ಕೆಲವು ವರ್ಷ ಕಳೆದ ಮೇಲೆ ಕುರ್ಚಿ ಇಡಲು ಯಾರಿಗೂ ನೆನಪಾಗಲಿಲ್ಲ; ಅವನು ಇಸ್ತ್ರಿ ಹಾಕಿದ ಅಂಗಿಯಲ್ಲಿ ಗೇಟಿನ ಹತ್ತಿರ ನಿಂತು ನೋಡಿ ಬಂದ. ಮದುವೆ ಇದ್ದವರು ಮಿಲಿಟರಿ ರಮ್ಮಿನ ಬಾಟ್ಲಿಗಾಗಿ ಅವನ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಉಳಿದವರಿಗೆ ಬೇಕಾದದ್ದು ಒಂದೇ: ‘ನೀನು ಎಷ್ಟು ಜನರನ್ನು ಕೊಂದೆ?’ ಅವನು ಬಾಯಿ ಬಿಡದಿದ್ದರೆ ಅವರಿಗೆ ಬೇಸರ. ಹಾಗಾಗಿ ಅವನು ನಮ್ಮ ಅಂಗಡಿಗೆ ಬಂದು ಕೂರತೊಡಗಿದ. ಗೋಲಿ ಸೋಡಾದ ‘ಟಪ್’ ಕೇಳಿದರೂ ಅವನ ಭುಜ ಹಾರುತ್ತಿತ್ತು. ಅದಕ್ಕೆ ನಾನು ಬಾಟ್ಲಿಯನ್ನು ಹಿತ್ತಲಿಗೆ ಕೊಂಡುಹೋಗಿ ಒಡೆದು ತರುತ್ತಿದ್ದೆ. ಗಿರಾಕಿಗಳು ‘ಎಂತ ಬ್ಯಾರಿಗಳೇ, ನಿಮ್ಮಲ್ಲಿ ಸೋಡಾಕ್ಕೂ ಗೋಷಾ ಉಂಟಾ?’ ಎಂದು ತಮಾಷೆ ಮಾಡುತ್ತಿದ್ದರು. ಸಂಕಪ್ಪನೂ ನಗುತ್ತಿದ್ದ.

ಆ ಆಟಿಯಲ್ಲಿ ಅವನು ಉಳಿದರ್ಧ ಹೇಳಿದ. ಗಡಿಯಲ್ಲಿ ಮಣ್ಣಿನ ಗುಂಡಿಯೊಳಗೆ ಅವನ ಪಕ್ಕದಲ್ಲಿ ಬಿಜಾಪುರ ಕಡೆಯ ಒಬ್ಬ ಹುಡುಗ ಇದ್ದನಂತೆ. ತನ್ನ ತಾಯಿ ರೊಟ್ಟಿ ಹೇಗೆ ತಟ್ಟುತ್ತಾಳೆಂದು ಕೈಯಲ್ಲೇ ತೋರಿಸುತ್ತಾ ಇದ್ದ. ಅಷ್ಟರಲ್ಲಿ ಶೆಲ್ ಬಿತ್ತು. ‘ರೊಟ್ಟಿ ತಿರುಗಿಸಿ ಹಾಕುದು ಹೇಗೆ ಅಂತ ಹೇಳ್ಲಿಕ್ಕೇ ಆಗ್ಲಿಲ್ಲ ಅವನಿಗೆ. ಹಂಝ, ಶಬ್ದ ಕೇಳಿದ್ರೆ ಬೀಳುದು ನಾನಲ್ಲ, ಈ ಮೈ. ಬೇಡ ಅಂದ್ರೂ ಕೇಳುದಿಲ್ಲ’ ಎಂದ. ಅವರ ಕುಟುಂಬದಲ್ಲಿ ಸಾವಾದರೆ ಅಂಗಳದಲ್ಲಿ ಕೋವಿ ಹಾರಿಸಿ ಊರಿಗೆ ತಿಳಿಸುವ ಕ್ರಮ ಇದೆಯಲ್ಲ, ಅದರ ಮಾತು ಬಂತು. ‘ನಾನು ಸತ್ತಾಗ ಅಣ್ಣ ಕೋವಿ ತೆಗೀತಾನೆ. ಬೇಡ ಅಂತ ನೀನು ಹೇಳ್ಬೇಕು. ಯಾಕೆ ಅಂತ ಮಾತ್ರ ಹೇಳ್ಬೇಡ, ಮತ್ತೆ ನಗ್ತಾರೆ.’ ಸತ್ತ ಮೇಲೆ ನಿನಗೆ ಕೇಳುದುಂಟಾ ಮಾರಾಯ ಎಂದೆ. ‘ಕೇಳ್ಲಿಕ್ಕಿಲ್ಲ ಅಂತ ನೀನು ಬರ್ದು ಕೊಡ್ತೀಯಾ?’ ಎಂದ. ನಾನು ಮಾತು ಕೊಟ್ಟೆ.

ಮಂಗಳವಾರ ಸಂಜೆ ಅವನ ಹೆಂಡತಿ ಚೆನ್ನು ಅವನ ಕಣ್ಣು ಮುಚ್ಚಿಸುವಾಗ ನಾನು ಅಲ್ಲೇ ಇದ್ದೆ. ತ್ಯಾಂಪಣ್ಣ ಗೋಡೆಯಿಂದ ಕೋವಿ ಇಳಿಸಿದರು. ಎಪ್ಪತ್ತು ದಾಟಿದ ಮನುಷ್ಯ. ‘ಇವ ಮಿಲಿಟ್ರಿಯವ. ಬೇರೆಯವರು ಮರೆತ್ರೂ ನಾವು ಮರೀಲಿಕ್ಕಿಲ್ಲ. ಆಚೆ ಮನೆಯ ಕೋವಿಗಳನ್ನೂ ತನ್ನಿ’ ಎಂದು ನೆರೆದವರಿಗೆ ಹೇಳಿದರು. ನಾನು ಅಂಗಳಕ್ಕಿಳಿದು ‘ಬೇಡ ತ್ಯಾಂಪಣ್ಣ’ ಎಂದೆ. ‘ಯಾಕೆ?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇತ್ತು, ಹೇಳುವ ಹಾಗಿರಲಿಲ್ಲ. ಅವನ ಒಂದು ಮಾತು ಉಳಿಸಬೇಕಾದರೆ ಇನ್ನೊಂದನ್ನು ಮುರಿಯಬೇಕು. ‘ನಮ್ಮ ಮನೆಯ ಕ್ರಮದಲ್ಲಿ ನಿಮಗೆ ಎಂತ ಉಂಟು ಬ್ಯಾರಿಗಳೇ?’ ಎಂದು ಕೋವಿಗೆ ತೋಟೆ ತುಂಬಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಆಗ ಚೆನ್ನು ಬಾಗಿಲಿಗೆ ಬಂದಳು. ‘ಹೇಳಿ ಹಂಝಣ್ಣ. ಇವರು ನಿಮ್ಮಲ್ಲಿ ಮಾತು ತೆಗೊಂಡದ್ದು ನನಗೆ ಗೊತ್ತುಂಟು. ನಗುವವರು ನಗ್ಲಿ, ಆ ನಗು ಇವರಿಗೆ ಇನ್ನು ತಾಗುದಿಲ್ಲ. ಊರಲ್ಲಿ ಯಾರ ಮನೆಯಲ್ಲಿ ಈಡು ಕೇಳಿದ್ರೂ ಈ ಮಂಚದ ಅಡಿಯಲ್ಲಿ ಇವರು ಮುದುಡಿ ಬೀಳುದು ನಾನು ನೋಡಿದ್ದೇನೆ’ ಎಂದಳು. ನಾನು ಎಲ್ಲವನ್ನೂ ಹೇಳಿದೆ: ಗುಂಡಿ, ಹುಡುಗ, ರೊಟ್ಟಿ, ಹಿತ್ತಲ ಸೋಡಾ. ಯಾರೂ ನಗಲಿಲ್ಲ. ತ್ಯಾಂಪಣ್ಣ ಕೋವಿ ಮಡಚಿ ತೋಟೆ ಹೊರತೆಗೆದರು, ಕಿಸೆಗೆ ಹಾಕಿಕೊಂಡು ಮೆಟ್ಟಿಲಲ್ಲಿ ಕುಳಿತರು. ‘ಅವತ್ತು ಬಸ್ಸಿನ ಹತ್ತಿರ ಹಾರಿಸಿದ್ದು ನಾನೇ ಅಲ್ವಾ’ ಎಂದರು. ಆಮೇಲೆ, ‘ಹಾಗಾದ್ರೆ ಊರಿಗೆ ಗೊತ್ತಾಗುದು ಹೇಗೆ?’

ಬೆಳಗಾಗುತ್ತಲೇ ಆ ಅಂಗಳದಲ್ಲಿ ಕೇಳಿದವರೆಲ್ಲ ನಡೆದು ಹೊರಟರು. ಕೆಲವರು ಹೊಳೆ ದಾಟಿದರು, ಕೆಲವರು ಗುಡ್ಡೆ ಹತ್ತಿದರು. ತ್ಯಾಂಪಣ್ಣ ಕೋಲು ಹಿಡಿದು ರಸ್ತೆ ಬದಿಯ ಮನೆಗಳಿಗೆ ಹೋದರು, ನಮ್ಮ ಉಮ್ಮನಿಗೂ ಅವರೇ ಬಂದು ಹೇಳಿದರು. ಕೋವಿಯಾದರೆ ಒಂದು ಸಾವು ಎಂದಷ್ಟೇ ಹೇಳುತ್ತಿತ್ತು. ಬಾಯಲ್ಲಿ ಹೇಳುವವರು ಪ್ರತಿ ಮನೆಯ ಅಂಗಳದಲ್ಲಿ ನಿಂತು ‘ನಮ್ಮ ಸಂಕಪ್ಪ ತೀರಿಕೊಂಡ’ ಎಂದು ಹೆಸರು ಹೇಳಬೇಕಾಯಿತು. ಗರ್ನಾಲ್ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಉಮ್ಮನ ದುವಾ ನಿನ್ನ ಮೇಲಿರಲಿ. ಬಿಸಿಲಿನಲ್ಲಿ ತಲೆಗೆ ಬಟ್ಟೆ ಸುತ್ತಿಕೋ.

ನಿನ್ನ ಅಣ್ಣ,
ಹಂಝ

ಮರೆತಿದ್ದೆ, ಟಪಾಲಿನವ ಬಂದು ನಿಂತಿದ್ದಾನೆ: ಝುಬೈದಾಳ ಮದುವೆಗೆ ಸುಳ್ಯಕ್ಕೆ ಕೇಳುವಷ್ಟು ಗರ್ನಾಲು ಸಿಡಿಸಬೇಕೆಂದು ಬರೆದಿದ್ದೀಯಲ್ಲ, ಅದು ಬೇಡ. ಮಿಲಿಟರಿಯೊಂದಿಗೆ ಸಿಲೋನಿಗೆ ಹೋಗಿದ್ದ ಚೆನ್ನುವಿನ ತಮ್ಮನ ಮಗ ಮಹಾಬಲ ಶುಕ್ರವಾರ ಊರಿಗೆ ಬಂದ. ಇನ್ನು ಹೋಗುವುದಿಲ್ಲವಂತೆ. ತ್ಯಾಂಪಣ್ಣ ಬರಿಗೈಯಲ್ಲಿ ಬಸ್ಸಿಗೆ ಹೋಗಿ ಕರೆದುಕೊಂಡು ಬಂದರು. ಈಗ ಸಂಕಪ್ಪನ ಬೆಂಚಿನಲ್ಲಿ ಅವನೇ ಕೂರುವುದು. ನೀನು ಬಂದಾಗ ಅವನ ಪಕ್ಕದಲ್ಲಿ ಕುಳಿತುಕೋ, ಎಷ್ಟು ಜನರನ್ನು ಕೊಂದೆ ಎಂದು ಕೇಳಬೇಡ. ನಿನ್ನೆಯಿಂದ ನಾನು ಸೋಡಾವನ್ನು ಮತ್ತೆ ಹಿತ್ತಲಿಗೆ ಕೊಂಡುಹೋಗಿ ಒಡೆಯುತ್ತಿದ್ದೇನೆ.