ಹುಣಸೆ ನೀರಿನಲ್ಲಿ ತೊಳೆದ ಗಾಜು

ಕ್ರಿ.ಶ. ೨೯೭೧, ಹದಿಮೂರನೆಯ ತಿಂಗಳು, ಎರಡನೆಯ ದಿನ

ಸುಮಾರು ಸಾವಿರ ವರ್ಷ ಹಿಂದೆ ಕೂತು ಗಾಜಿನ ಆಯುಷ್ಯವನ್ನು ಲೆಕ್ಕ ಹಾಕುತ್ತಿರುವ ಹಿರಿಯರಿಗೆ ಹೊಳೆಯಮ್ಮನ ನಮಸ್ಕಾರ. ತಿಂಗಳು ಹದಿಮೂರಾದದ್ದು ಹೇಗೆಂದು ಕೇಳಬೇಡಿ, ಅದು ದೊಡ್ಡ ಕತೆ. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಮಾತು ತೊಡರಿದರೆ ಕ್ಷಮಿಸಿ.

ನಾನು ಗಾಜುಗಾತಿ, ಗಾಜಿನ ಸವೆತ ಅಳೆಯುವವಳು. ಅಣುಸ್ಥಾವರದ ವಿಷತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ ನೀವು ನಮ್ಮ ಗುಡ್ಡದಡಿ ಹೂಳಲಿದ್ದೀರಿ. ಆ ಗಾಜು ಎಷ್ಟು ಸಾವಿರ ವರ್ಷ ತಾಳೀತೆಂದು ತಿಳಿಯಲು, ಹಳೆಯ ದಿಬ್ಬಗಳಲ್ಲಿ ಸಿಕ್ಕ ಪುರಾತನ ಬಳೆಚೂರುಗಳನ್ನು ಪರೀಕ್ಷಿಸುತ್ತಿದ್ದೀರಿ. ಪಕ್ಕದ ಸಾಕ್ಷಿಬಾವಿಯಲ್ಲಿ ವಿಷವಿಲ್ಲದ ಅದೇ ಗಾಜಿನ ಬಿಲ್ಲೆಗಳನ್ನು ಇಡುತ್ತೀರಿ. ಮೂವತ್ತು ವರ್ಷಕ್ಕೊಮ್ಮೆ ಒಂದನ್ನು ಮೇಲೆತ್ತಿ, ಎಷ್ಟು ಸವೆದಿದೆಯೆಂದು ಅಳೆದು ಸಭೆಗೆ ಹೇಳಿ, ಮತ್ತೆ ಬಾವಿಯ ನೀರಿಗೆ ಇಳಿಸುವುದು ನಮ್ಮ ಮನೆತನದ ಕೆಲಸ. ಆ ದಿನ ಊರಿನಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ನೆನೆಸಿದ ಅವಲಕ್ಕಿ ತಿಂದು ಎಲ್ಲರೂ ಕಟ್ಟೆಯ ಮೇಲೆ ಕಾದು ಕೂತಿರುತ್ತಾರೆ.

ಅಳೆಯುವ ಮುನ್ನ ಬಿಲ್ಲೆಯನ್ನು ಹುಣಸೆ ನೀರಿನಲ್ಲಿ ಉಜ್ಜಿ ತೊಳೆಯುವುದು ಪದ್ಧತಿ. ನನಗೆ ಕೆಲಸ ಕಲಿಸಿದ ಚಿಕ್ಕಮ್ಮ ಬೆಳ್ಳಕ್ಕ, "ಕೊಳಕು ಮೈಯಲ್ಲಿ ಯಾರಾದ್ರೂ ಸಭೆಗೆ ಹೋಗ್ತಾರೇನೇ?" ಎನ್ನುತ್ತಿದ್ದಳು. ಕಳೆದ ಸಲ ಅವಳ ಅಳತೆಯಲ್ಲಿ ಗಾಜು ನಿಮ್ಮ ಲೆಕ್ಕಕ್ಕಿಂತ ಹತ್ತು ಪಟ್ಟು ಸವೆದಿತ್ತು. ಹೂತ ವಿಷವೂ ಸೋರುತ್ತಿದೆಯೆಂದು ಹೆದರಿ ಸಭೆ ಕೆಳಗಿನ ಊರನ್ನು ಖಾಲಿ ಮಾಡಿಸಿತು. ಈ ಸಲ ನನ್ನ ಅಳತೆಯೂ ಹಾಗೇ ಬಂತು. ಇನ್ನು ಹೋಗಬೇಕಾದದ್ದು ನಮ್ಮೂರು. ನಿಮ್ಮನ್ನು ಮನಸಾರೆ ಬೈದೆ.

ಸಭೆಗೆ ಹೇಳುವ ಮುನ್ನ, ಯಾಕೋ ಸಮಾಧಾನವಾಗದೆ, ಮತ್ತೆ ಬಾವಿಗೆ ಇಳಿದೆ. ಕಲ್ಲಿನ ಸಂದಿಯಲ್ಲಿ ಇನ್ನೊಂದು ಬಿಲ್ಲೆ ಕಂಡಿತು. ಯಾವ ಕಾಲದಲ್ಲೋ ಜಾರಿ ಬಿದ್ದದ್ದು, ಯಾರೂ ತೊಳೆಯದೆ ಉಳಿದದ್ದು. ಮೈಮೇಲೆ ಕೂದಲೆಳೆಗಿಂತ ತೆಳುವಾದ ಮಬ್ಬು ಪೊರೆ. ಒಳಗೆ ಗಾಜು ನೀವು ಹೇಳಿದಷ್ಟೇ ಗಟ್ಟಿಯಾಗಿತ್ತು. ನೀರಿನಲ್ಲಿರುವ ಗಾಜು ತಾನೇ ಪೊರೆ ಕಟ್ಟಿಕೊಂಡು ತನ್ನನ್ನು ಕಾಯುತ್ತದೆ. ಅದನ್ನೇ ನಾವು ಕೊಳೆಯೆಂದು ತಲೆತಲಾಂತರದಿಂದ ಉಜ್ಜಿ ತೆಗೆಯುತ್ತಿದ್ದೆವು. ಪೊರೆ ಕಳೆದುಕೊಂಡ ಗಾಜು ಪ್ರತಿ ಸಲವೂ ಹೊಸದಾಗಿ ಸವೆಯುತ್ತಿತ್ತು.

ಸಭೆಯ ಮುಂದೆ ತಪ್ಪೊಪ್ಪಿಕೊಂಡೆ. ನಮ್ಮೂರು ಉಳಿಯಿತು. ಕೆಳಗಿನ ಊರಿನಲ್ಲಿ ಮಾತ್ರ ಈಗ ಗೋಡೆಗಳೂ ನಿಂತಿಲ್ಲ. ಅಲ್ಲಿಂದ ಹೊರಟವರಲ್ಲಿ ಬೆಳ್ಳಕ್ಕನ ಒಬ್ಬಳೇ ಮಗಳೂ ಇದ್ದಳು. ತನ್ನ ಅಳತೆಯಿಂದಲೇ ಊರು ಬಿಟ್ಟ ಮಗಳನ್ನು ಚಿಕ್ಕಮ್ಮ ಸಾಯುವವರೆಗೂ ಮತ್ತೆ ನೋಡಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ನೀವು ಇನ್ನೂ ಬಾವಿ ಮುಚ್ಚಿಲ್ಲವೆಂಬ ನಂಬಿಕೆಯಿಂದ ಕೇಳುತ್ತೇನೆ. ಮುಚ್ಚಳದ ಮೇಲೆ ಅಳತೆ, ತೂಕ, ತಾರೀಖು ಎಲ್ಲ ಕೆತ್ತಿಸುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ನಾನು ಕೈಯಿಟ್ಟು ನೋಡಿದ್ದೇನೆ. ದಯವಿಟ್ಟು ಅಲ್ಲಿ 'ತೊಳೆಯಬೇಡಿ' ಎಂದು ಕೆತ್ತಿಸಿ. ಬರೆದದ್ದನ್ನು ಮೀರುವವಳಲ್ಲ, ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದ ನನ್ನ ಚಿಕ್ಕಮ್ಮ.