ಅಣ್ಣನ ಜಮೀನಿನಲ್ಲಿ ಟೆಂಟು

ಮನೆಯಿಂದ,
ಏಪ್ರಿಲ್ ಏಳು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೋದ ಸಲ ಫೋನಿನಲ್ಲಿ ನೀನು ಕೆಮ್ಮಿದ್ದು ಅಮ್ಮನ ಕಿವಿಗೆ ಬಿದ್ದು, ಅಂದಿನಿಂದ ಬಿಸಿನೀರು ಕುಡಿಯಲು ಹೇಳು, ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳಲು ಹೇಳು ಎಂದು ನನ್ನ ತಲೆ ತಿನ್ನುತ್ತಿದ್ದಾಳೆ. ಹೇಳಿದ್ದೇನೆ, ನನ್ನ ಕೆಲಸ ಮುಗಿಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇವರಿಗೆ ಮತ್ತೆ ಬೆಳಗಿನ ಪಾಳಿಯ ಬಸ್ಸು ಬಿದ್ದಿದೆ, ಮಧ್ಯಾಹ್ನ ಮನೆಗೆ ಬಂದು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾರೆ. ಅಮ್ಮನ ಮಂಡಿ ಮೆಟ್ಟಿಲು ಕಂಡರೆ ನೋಯುತ್ತದೆ, ಪಕ್ಕದ ಮನೆಯವರು ಮಾತಿಗೆ ಸಿಕ್ಕರೆ ಮಾತ್ರ ನೋಯುವುದಿಲ್ಲ. (ಓದಿ ಹೇಳುವಾಗ ಈ ಸಾಲನ್ನು ಹಾರಿಸುತ್ತೇನೆ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಬಂದ ಕಾಗದವನ್ನೂ ಹೋಗುವ ಕಾಗದವನ್ನೂ ಗಟ್ಟಿಯಾಗಿ ಓದಲೇಬೇಕು. ಕಣ್ಣಿಗೆ ಪೊರೆ ಬಂದ ಮೇಲಂತೂ ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಒಂದು ಸಾಲು ಹಾರಿಸಬಹುದು, ಒಂದು ಪುಟ ಹಾರಿಸಿದರೆ ಸಿಕ್ಕಿಬೀಳುತ್ತೇನೆ.)

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಬರೆದ ಕಾಗದ ನಿನಗೆ ತಲುಪಿಲ್ಲವೆಂದೇ ಅಂದುಕೊಂಡು ಮೊದಲಿನಿಂದ ಹೇಳುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಜಮೀನಿನ ಮಾತೆತ್ತಿದ ತಕ್ಷಣ ಲೈನು ಹೋಗಿಬಿಡುತ್ತದೆ. ನಮ್ಮ ಬೀದಿಯ ಯುವಕರ ಸಂಘ ನಿನಗೆ ನೆನಪಿದೆಯಲ್ಲ. ಹೆಸರಿಗೆ ಯುವಕರ ಸಂಘ, ಒಳಗೆ ಅರ್ಧಕ್ಕರ್ಧ ಹುಡುಗಿಯರು. ಅದಕ್ಕೆ ಈಗ ನಾನೇ ಮುಖ್ಯಸ್ಥೆ. ಯೋಗ್ಯತೆ ನೋಡಿ ಮಾಡಿದ್ದಲ್ಲ, ಅವರು ಸೇರುವ ಕೋಣೆ ನನ್ನ ಬ್ಯಾಗ್ ರಿಪೇರಿ ಅಂಗಡಿಯ ಹಿಂದಿದೆ, ಬೀಗದ ಕೈ ನನ್ನ ಹತ್ತಿರ ಇರುತ್ತದೆ, ಅಷ್ಟೇ. ಪ್ರತಿ ವರ್ಷ ರಜೆಯಲ್ಲಿ ಎಲ್ಲಾದರೂ ಹತ್ತಿರ ಹೋಗಿ ಎರಡು ದಿನ ಟೆಂಟು ಹಾಕಿ ಬರುತ್ತಿದ್ದರು. ಈ ವರ್ಷ ಆ ಉದ್ದ ಜಡೆಯ ಹುಡುಗಿ, ಎಲ್ಲದಕ್ಕೂ ವಾದ ಮಾಡುವುದಕ್ಕೆ ನಾವು ವಕೀಲಮ್ಮ ಅಂತ ಕರೆಯುತ್ತೇವಲ್ಲ, ಅವಳು ಎದ್ದು ನಿಂತು, "ಅದೇ ಕೆರೆ, ಅದೇ ಬಂಡೆ, ಎಷ್ಟು ಸಲ ನೋಡೋದು? ಈ ಸಲ ಗಡಿ ದಾಟಿ ಬೇರೆ ದೇಶಕ್ಕೇ ಹೋಗೋಣ" ಅಂದಳು. ಎಲ್ಲರೂ ನಕ್ಕರು. ಕಡ್ಡಿಯಂತಿರುವ ನಮ್ಮ ಕಡ್ಡಿ, "ಹೋಗಿ ಯಾರ ಜಾಗದಲ್ಲಿ ಮಲಗೋದು? ನಿಮ್ಮ ಮಾವನ ಮನೆ ಇದೆಯಾ ಅಲ್ಲಿ?" ಅಂತ ಕೇಳಿದ. ಬಾಗಿಲ ಬಳಿ ಕೂತು ಬಟಾಣಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ, "ಯಾಕೆ, ನನ್ನ ಮಗನ ಜಮೀನಿಲ್ವಾ?" ಅಂದುಬಿಟ್ಟಳು.

ಆಮೇಲೆ ಕೇಳಬೇಕೇ. ಬಟಾಣಿ ಬುಟ್ಟಿ ಪಕ್ಕಕ್ಕೆ ಹೋಯಿತು, ಅಮ್ಮ ನಡುವೆ ಬಂದು ಕೂತಳು. ಇಳಿಜಾರಿನ ಹುಲ್ಲು, ಬೇಲಿಯ ಪಕ್ಕದ ದೊಡ್ಡ ಮರ, ಸಾಮಾನು ಇಡುವ ಮರದ ಮನೆ, ಬೇಸಿಗೆಯಲ್ಲೂ ಬತ್ತದ ತೊರೆ, ನೀನು ಬರೆದದ್ದರಲ್ಲಿ ಒಂದನ್ನೂ ಬಿಡದೆ ಹೇಳಿದಳು. ಬರೆಯದೇ ಇದ್ದದ್ದನ್ನೂ ಒಂದೆರಡು ಸೇರಿಸಿದಳೆಂದು ನನಗೆ ಅನುಮಾನ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮಾರನೆಯ ದಿನ ಬೆಳಗಾಗುವ ಹೊತ್ತಿಗೆ ಬೀದಿಯಲ್ಲೆಲ್ಲ ಸುದ್ದಿ. ತರಕಾರಿ ಅಂಗಡಿಯವರು ನನ್ನನ್ನು ತಡೆದು ನಿನ್ನ ಜಮೀನಿನಲ್ಲಿ ಏನೇನು ಬೆಳೆಯುತ್ತೀಯ ಅಂತ ವಿಚಾರಿಸಿದರು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಅಂತ ಹೇಳಿ ಜಾರಿಕೊಂಡೆ.

ಮುಂದಿನ ಸಭೆಗೆ ಅಮ್ಮ ನಿನ್ನ ಕಾಗದಗಳ ಕಟ್ಟನ್ನೇ ತಂದಳು. ವಕೀಲಮ್ಮ ಒಂದೊಂದನ್ನೇ ಓದುವುದು, ಕಡ್ಡಿ ಒಂದು ಹಳೆಯ ಪೋಸ್ಟರಿನ ಹಿಂಬದಿಯಲ್ಲಿ ನಿನ್ನ ಜಮೀನಿನ ನಕ್ಷೆ ಬರೆಯುವುದು. ಹುಡುಗ ಚೆನ್ನಾಗಿಯೇ ಬರೆಯುತ್ತಾನೆ, ಮರಕ್ಕೆ ಎಲೆ ಕೂಡ ಹಾಕಿದ. ತೊಂದರೆ ಬಂದದ್ದು ತೊರೆಯ ವಿಷಯದಲ್ಲಿ. ಒಂದು ಕಾಗದದಲ್ಲಿ ಬೆಳಿಗ್ಗೆ ಎದ್ದರೆ ತೊರೆಯ ಮೇಲೆ ಸೂರ್ಯ ಹುಟ್ಟುತ್ತಾನೆ ಎಂದು ಬರೆದಿದ್ದೀಯ. ಇನ್ನೊಂದರಲ್ಲಿ ಸಂಜೆ ಕೆಲಸ ಮುಗಿಸಿ ತೊರೆಯಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತಾ ಕೂರುತ್ತೇನೆ ಅಂದಿದ್ದೀಯ. ಅಡುಗೆಯ ಟೆಂಟು ನೀರಿಗೆ ಹತ್ತಿರ ಬೇಕಲ್ಲ, ಹಾಗಾಗಿ ದೊಡ್ಡ ಜಗಳವೇ ಆಯಿತು. ಪೂರ್ವದವರು ಒಂದು ಕಡೆ, ಪಶ್ಚಿಮದವರು ಒಂದು ಕಡೆ. ವಕೀಲಮ್ಮ ಎರಡು ಕಾಗದವನ್ನೂ ಕೈಯಲ್ಲಿ ಹಿಡಿದು ಒಬ್ಬಳೇ ಎರಡೂ ಕಡೆ ವಾದಿಸಿದಳು. ಕೊನೆಗೆ ಅಮ್ಮ, "ಮನೆ ಸುತ್ತ ತಿರುಗಿಕೊಂಡು ಹೋಗುತ್ತೇನೋ, ಅದಕ್ಕೇನಂತೆ? ನೀರಿಗೆ ನೆಟ್ಟಗೆ ಹರಿ ಅಂತ ಯಾರು ಹೇಳ್ತಾರೆ?" ಅಂತ ತೀರ್ಪು ಕೊಟ್ಟಳು. ಕಡ್ಡಿ ಮನೆಯ ಸುತ್ತ ಒಂದು ನೀಲಿ ಗೆರೆ ಎಳೆದ. ಈಗ ನೀನು ದ್ವೀಪದಲ್ಲಿ ಇದ್ದೀಯ ಅಣ್ಣಾ. ನಕ್ಷೆ ಕೋಣೆಯ ಗೋಡೆಯ ಮೇಲಿದೆ, ಯಾವ ಟೆಂಟು ಎಲ್ಲಿ ಎಂದು ಗುರುತು ಕೂಡ ಮಾಡಿಯಾಗಿದೆ.

ಟೆಂಟುಗಳದ್ದು ಬೇರೆ ಕಥೆ. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದೆವು. ಒಂದರ ಜಿಪ್ಪೂ ನೆಟ್ಟಗಿರಲಿಲ್ಲ. ಜಿಪ್ಪು ಹಾಕುವುದು ನನ್ನ ಹೊಟ್ಟೆಪಾಡೇ ಆದ್ದರಿಂದ ಅಂಗಡಿಯಲ್ಲಿ ಗಿರಾಕಿಗಳ ಬ್ಯಾಗುಗಳನ್ನು ಬದಿಗೆ ತಳ್ಳಿ ಇದನ್ನೇ ಹೊಲಿಯುತ್ತಾ ಕೂತೆ. ಒಬ್ಬರು ಬಂದು, "ಅಂಗಡಿ ಬದಲಾಯಿಸಿದ್ರಾ?" ಅಂತ ಕೇಳಿಯೇಬಿಟ್ಟರು. ಹೊಲಿದಾದ ಮೇಲೆ ಕಟ್ಟುವ ಅಭ್ಯಾಸ ಆಗಬೇಕಲ್ಲ, ಹತ್ತಿರದಲ್ಲಿ ಮೈದಾನವಿಲ್ಲ, ನಮ್ಮ ಕಟ್ಟಡದ ತಾರಸಿಗೆ ಹತ್ತಿದೆವು. ಸಿಮೆಂಟಿನಲ್ಲಿ ಗೂಟ ಹೊಡೆಯುವುದಾದರೂ ಹೇಗೆ? ಮೂರು ಮೂಲೆಯ ಹಗ್ಗ ನೀರಿನ ಡ್ರಮ್ಮುಗಳಿಗೆ ಕಟ್ಟಿದರು. ನಾಲ್ಕನೆಯದಕ್ಕೆ ಡ್ರಮ್ಮು ಸಾಲದೆ, ಬಿಸಿಲು ಕಾಯಲು ಬಂದ ಇವರ ಕುರ್ಚಿಗೆ ಕಟ್ಟಿ, "ಅಂಕಲ್, ಹತ್ತು ನಿಮಿಷ ಅಲ್ಲಾಡಬೇಡಿ" ಅಂದರು. ಇವರು ಪೇಪರು ಮುಖಕ್ಕೆ ಹಿಡಿದು ಅಲ್ಲೇ ನಿದ್ದೆ ಹೋದರು, ಟೆಂಟು ಸಂಜೆಯವರೆಗೂ ಗಟ್ಟಿಯಾಗಿ ನಿಂತಿತ್ತು. ಈಗ ನಮ್ಮ ಮಕ್ಕಳು ಕಣ್ಣು ಮುಚ್ಚಿಕೊಂಡು ಟೆಂಟು ಕಟ್ಟುತ್ತಾರೆ, ಆದರೆ ಒಬ್ಬರಿಗೂ ಗೂಟ ಹೊಡೆಯಲು ಬರುವುದಿಲ್ಲ. ಬಿಟ್ಟರೆ ಅಲ್ಲಿಗೂ ಡ್ರಮ್ಮು ಹೊತ್ತುಕೊಂಡು ಬರುವವರೇ.

ಮಕ್ಕಳ ಅಪ್ಪ ಅಮ್ಮಂದಿರನ್ನೂ ಒಂದು ದಿನ ಕರೆದೆ. ಬೇರೆ ದೇಶ ಎಂದರೆ ಹೆದರಿಕೆ ಸಹಜ. ಜ್ವರ ಬಂದರೆ ಏನು, ದಾರಿ ತಪ್ಪಿದರೆ ಯಾರನ್ನು ಕೇಳುವುದು, ಹಾವು ಇದೆಯೇ, ಹೀಗೆ. ನಾನು ಒಂದೊಂದಕ್ಕೂ ಉತ್ತರ ಹುಡುಕುವಷ್ಟರಲ್ಲಿ ಅಮ್ಮ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟು ಮುಗಿಸಿದಳು: "ಅಲ್ಲಿ ನನ್ನ ಮಗ ಇದ್ದಾನೆ." ಅವಳು ಹೇಳಿದ ರೀತಿಗೆ ಎಲ್ಲರೂ ಒಪ್ಪಿಬಿಟ್ಟರು. ವಕೀಲಮ್ಮನ ತಾಯಿ ಮಾತ್ರ ಎದ್ದು ಹೋಗುವಾಗ, "ನಿಮ್ಮಣ್ಣ ಅಷ್ಟು ವರ್ಷದಿಂದ ಅಲ್ಲಿದ್ದಾರೆ, ಒಂದು ಸಲನೂ ಬಂದಿಲ್ವಲ್ಲ?" ಅಂತ ಮೆಲ್ಲಗೆ ಕೇಳಿದರು. ಜಮೀನು ಬಿಟ್ಟು ಬರೋಕಾಗಲ್ಲ, ನೋಡಿಕೊಳ್ಳೋರಿಲ್ಲ ಅಂದೆ. ಆರು ವರ್ಷದಿಂದ ನೀನು ನಮಗೆ ಹೇಳುವುದನ್ನೇ ಹೇಳಿದೆ.

ಇನ್ನೊಂದು ಸುದ್ದಿ ಇದೆ, ಕೂತುಕೊಂಡು ಓದು. ಅಮ್ಮನೂ ಬರುತ್ತಾಳಂತೆ. ಹೌದು, ಟೆಂಟಿನಲ್ಲೇ ಮಲಗುತ್ತಾಳಂತೆ. ನಾನು ಮಂಡಿಯ ಮಾತೆತ್ತಿದೆ, ರಾತ್ರಿಯೆಲ್ಲ ಪ್ರಯಾಣ ಅಂದೆ, ಚಳಿ ಅಂದೆ. ಇವರ ಕೈಯಲ್ಲೂ ಹೇಳಿಸಿದೆ. "ಅವನು ಬರಲ್ಲ, ನಾನೂ ಹೋಗಲ್ಲ ಅಂದ್ರೆ ನೋಡೋದು ಯಾವಾಗ?" ಅಂತ ಕೇಳಿದಳು. ಅದಕ್ಕೆ ಉತ್ತರ ಕೊಡಬೇಕಾದವನು ನೀನು ಅಣ್ಣಾ. ನಿನ್ನ ಹತ್ತಿರ ಇದ್ದರೆ ಬರೆ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಹೋದಾಗ ಸ್ಟುಡಿಯೋದವನು ನಗಬಾರದು ಅಂದರೂ ಕೇಳದೆ ನಕ್ಕಳು, ಎರಡು ಸಲ ತೆಗೆಯಬೇಕಾಯಿತು. ಆ ನಗುವ ಫೋಟೋ ನನ್ನ ಹತ್ತಿರವೇ ಇದೆ, ಕೊಡುವುದಿಲ್ಲ.

ಈಗ ಉಳಿದಿರುವುದು ನಿನ್ನ ಕೆಲಸ. ವೀಸಾ ಕಚೇರಿಯ ಗುಮಾಸ್ತ, ಎಲ್ಲಿ ತಂಗುತ್ತೀರೋ ಆ ಜಾಗದವರಿಂದ ಒಪ್ಪಿಗೆ ಬೇಕೇ ಬೇಕು, ಈ ತಿಂಗಳ ಕೊನೆಯೊಳಗೆ ತನ್ನಿ ಅಂದಿದ್ದಾನೆ. ಮಕ್ಕಳು ಬ್ಯಾಗು ಕಟ್ಟುವುದೊಂದು ಬಾಕಿ. ಅಮ್ಮ ಆಗಲೇ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದಾಳೆ. ಎಲ್ಲರೂ ಹೊರಡುವುದೋ ಇಲ್ಲಿಯೇ ಉಳಿಯುವುದೋ, ಅಮ್ಮ ನಿನ್ನನ್ನು ಕಾಣುವುದೋ ಬಿಡುವುದೋ, ನಿನ್ನ ಒಂದು ಮಾತಿನ ಮೇಲೆ ನಿಂತಿದೆ. ಸುಮ್ಮನಿರಬೇಡ.

ಅಮ್ಮ ಹೇಳಿ ಬರೆಸುತ್ತಿದ್ದಾಳೆ: ಮಕ್ಕಳು ಬರುತ್ತಾರೆಂದು ಹುಲ್ಲು ಕೊಯ್ಯುವುದು, ಬೇಲಿ ಸರಿಮಾಡುವುದು ಅಂತ ಬೆನ್ನು ಮುರಿದುಕೊಳ್ಳಬೇಡ, ಇದ್ದದ್ದು ಇದ್ದ ಹಾಗೆ ಇರಲಿ. ಹೊತ್ತಿಗೆ ಸರಿಯಾಗಿ ತಿನ್ನು. ನಿನಗೆ ಒಂದು ಸ್ವೆಟರು ಹೆಣೆಯುತ್ತಿದ್ದಾಳಂತೆ, ಕಣ್ಣು ಕಾಣದೆ ಹೆಣೆದದ್ದು, ತೋಳು ಒಂದು ಗಿಡ್ಡ ಒಂದು ಉದ್ದ ಆದರೆ ನಗಬಾರದಂತೆ. ಅವಳ ಆಶೀರ್ವಾದ ನಿನ್ನ ಮೇಲೆ ಯಾವಾಗಲೂ ಇದೆ, ಅದನ್ನು ಬರೆಯಬೇಕಾಗಿಯೇ ಇಲ್ಲ, ಆದರೂ ಬರೆ ಅನ್ನುತ್ತಾಳೆ. ಇವರು ನಿನ್ನನ್ನು ಕೇಳಿದ್ದೇನೆಂದು ಹೇಳಲು ಹೇಳಿ, ಹೇಳಿದವರೇ ಮಲಗಿಬಿಟ್ಟರು. ಆರೋಗ್ಯ ನೋಡಿಕೋ. ನನ್ನ ನಮಸ್ಕಾರ.

ಇಂತಿ ನಿನ್ನ ತಂಗಿ,
ಚಿಕ್ಕಂದಿನಲ್ಲಿ ನೀನು ಇಟ್ಟ ಹೆಸರಿನ ಪ್ರಕಾರ, ಬಾಯಿಬಡುಕಿ

ಮರೆತದ್ದು: ಸೋಮವಾರ, ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಇದನ್ನು ಅಮ್ಮನಿಗೆ ಓದಿ ಹೇಳಿಲ್ಲ. ನಿನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಬಡಗಿ ಹೋದ ವರ್ಷ ಊರಿಗೆ ಬಂದಾಗ ಬ್ಯಾಗಿನ ಪಟ್ಟಿ ಹೊಲಿಸಲು ನನ್ನ ಅಂಗಡಿಗೆ ಬಂದಿದ್ದ. "ನಿಮ್ಮಣ್ಣ ಇನ್ನೂ ಆ ಆಸ್ಪತ್ರೆ ಲಾಂಡ್ರಿಯಲ್ಲೇ ಇದ್ದಾರಾ? ನನಗೆ ಜ್ವರ ಬಂದಾಗ ಕೆಲಸಕ್ಕೆ ರಜಾ ಹಾಕಿ ಪಕ್ಕದಲ್ಲೇ ಕೂತಿದ್ರು" ಅಂತ ನನಗೆಲ್ಲ ಗೊತ್ತಿದೆ ಎಂದುಕೊಂಡೇ ಕೇಳಿದ. ಹೌದು ಅಲ್ಲೇ ಇದ್ದಾರೆ ಅಂದೆ, ಪಟ್ಟಿ ಹೊಲಿದುಕೊಟ್ಟೆ. ಆವತ್ತು ನಿನ್ನ ಮೇಲೆ ಬಂದ ಕೋಪ ಇಷ್ಟಿಷ್ಟಲ್ಲ. ಬಟ್ಟೆ ಒಗೆಯುತ್ತೀಯ ಅಂತ ಬಂದದ್ದಲ್ಲ. ಇಲ್ಲದ ಜಮೀನನ್ನು ಬಿಟ್ಟು ಬರಲಾಗದೆ ಆರು ವರ್ಷ ಅಲ್ಲೇ ಉಳಿದೆಯಲ್ಲ ಅಂತ ಬಂತು. ಈಗ ಕೋಪ ಇಲ್ಲ. ಮಕ್ಕಳಿಗೆ ನಿನ್ನ ಊರಿನ ಹೊರಗಿರುವ ಸಾರ್ವಜನಿಕ ಮೈದಾನ ಗೊತ್ತುಮಾಡಿ ಒಪ್ಪಿಗೆ ತರಿಸಿಕೊಂಡಿದ್ದೇನೆ, ಇವರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ತೊರೆ ಉಕ್ಕಿ ಜಮೀನೆಲ್ಲ ಕೆಸರು, ಟೆಂಟು ಹಾಕಲಾಗುವುದಿಲ್ಲ ಅಂತ ನಿನ್ನ ಕೈಯಲ್ಲಿ ಬರೆಸಿ ಅಮ್ಮನನ್ನು ನಂಬಿಸೋಣ ಅಂತ ಇಲ್ಲಿ ಹೇಳಿಕೊಡಬೇಕೆಂದಿದ್ದೆ. ಆದರೆ ನಾನು ಹೊರಡುವಾಗ ಅಮ್ಮ ಬಾಗಿಲವರೆಗೂ ಬಂದು ನನ್ನ ಕೈ ಹಿಡಿದು, "ಜಮೀನಿನ ವಿಷಯ ಅವನನ್ನ ಜಾಸ್ತಿ ಕೆದಕಬೇಡ. ಸುಳ್ಳು ಹೇಳಿದೋನಿಗೆ ನಾಚಿಕೆ ಆಗುತ್ತೆ, ನಮಗೆ ಸಿಗದ ಹಾಗೆ ಇನ್ನೂ ದೂರ ಹೋಗಿಬಿಟ್ಟಾನು" ಅಂದಳು. ಯಾರು ಹೇಳಿದರು, ಯಾವಾಗಿನಿಂದ ಗೊತ್ತು, ಏನೂ ಕೇಳಲಾಗಲಿಲ್ಲ. ಇಷ್ಟು ಮಕ್ಕಳನ್ನು ಹೊರಡಿಸಿದವಳು ಅವಳೇ ಅಣ್ಣಾ, ನಿನ್ನ ಹತ್ತಿರ ಬರಲು ಅವಳಿಗೆ ಬೇರೆ ನೆಪ ಇರಲಿಲ್ಲ. ಒಪ್ಪಿಗೆ ಗಿಪ್ಪಿಗೆ ಏನೂ ಕಳಿಸಬೇಡ. ಮುಂದಿನ ತಿಂಗಳು ಹದಿನೆಂಟಕ್ಕೆ ಬೆಳಗಿನ ಬಸ್ಸಿನಿಂದ ಇಳಿಯುತ್ತೇವೆ. ಅಮ್ಮನಿಗೆ ಬಸ್ಸಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ, ನೀನು ಬಂದು ಕೈ ಕೊಡು.